ಕಂಡ ಮಳೆ, ಕೇಳಿದ ಮಳೆ

ಮಳೆಗೌಡರು ತೀರಿಕೊಂಡ ಸುದ್ದಿಯನ್ನು ನನಗೆ ಮುಟ್ಟಿಸಿದವನು ನನ್ನ ಬಾಮೈದ. ಬೆಳಿಗ್ಗೆ ಏಳು ಗಂಟೆಗೆ ಫೋನು ಮಾಡಿ, "ಭಾವ, ನಿಮ್ಮ ಮಳೆಗೌಡ್ರು ಓಗ್ಬುಟ್ರಂತೆ" ಅಂದ. ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತೇನ್ರೀ? "ಕಂಡಿದ್ದೋ, ಕೇಳಿದ್ದೋ?"

ಅವನು, "ಥೂ, ಏನ್ ಭಾವ ನೀನು! ಸಾವಿನ ಸುದ್ದಿ ಏಳುದ್ರೆ ಇಂಗಾ ಕೇಳದು?" ಅಂತ ಫೋನು ಇಟ್ಟುಬಿಟ್ಟ. ಅವನಿಗೆ ಬೇಜಾರಾಗಿದ್ದು ಸಹಜ. ನಾನೇನು ಬೇಕಂತ ಕೇಳಿದ್ದಲ್ಲ. ಆ ಮಾತು ನನ್ನದೂ ಅಲ್ಲ, ತೀರಿಕೊಂಡವರದೇ. ಎಷ್ಟೋ ವರ್ಷ ಅವರ ಸಹವಾಸ ಮಾಡಿ ನನ್ನ ನಾಲಿಗೆಗೆ ಅಂಟಿಕೊಂಡುಬಿಟ್ಟಿತ್ತು. ಎದ್ದು ಅಂಗಿ ಹಾಕಿಕೊಂಡು ನಮ್ಮ ಚಿನಕುರಳಿಯ ಬಸ್ ಸ್ಟಾಪಿಗೆ ಬಂದು ನಿಂತೆ. ಕೇಳಿದ್ದಾಯಿತು, ಇನ್ನು ಅವರ ಊರು ಪಾಲಹಳ್ಳಿಗೆ ಹೋಗಿ ಕಾಣಬೇಕಲ್ಲ.

ಅವರ ನಿಜವಾದ ಹೆಸರು ಬರೆಯುವುದಿಲ್ಲ. ಬರೆದರೆ ಮೇಲಿಂದ ಇಳಿದು ಬಂದು, "ನನ್ನೆಸ್ರು ಯಾಕಯ್ಯ, ಕಾರಣ ಬರಿ ಸಾಕು" ಅಂದಾರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ಕಡೆ ಕಚೇರಿಗಳ ಜವಾನರಿಂದ ಹಿಡಿದು ಕಂಡಕ್ಟರುಗಳವರೆಗೆ ಎಲ್ಲರೂ ಅವರನ್ನು ಮಳೆಗೌಡರು ಅಂತಲೇ ಕರೆಯುತ್ತಿದ್ದರು. ಮೊದಲ ಸಲ ಆ ಹೆಸರು ಕೇಳಿದವರು ಮಳೆ ತರಿಸುವ ಪೂಜೆ ಗೀಜೆ ಮಾಡುವ ಮನುಷ್ಯ ಇರಬೇಕು ಅಂದುಕೊಳ್ಳುತ್ತಿದ್ದರು. ಅವರು ಮಳೆ ತರಿಸುತ್ತಿರಲಿಲ್ಲ. ಬಂದು ಹೋದ ಮಳೆಯನ್ನು ವಿಚಾರಣೆ ಮಾಡುತ್ತಿದ್ದರು.

ಅದು ಹೇಗೆ ಅಂದರೆ, ಸರ್ಕಾರದವರು ಊರೂರಿನಲ್ಲಿ ಮಳೆ ಅಳೆಯುವ ಡಬ್ಬ ನೆಟ್ಟಿರುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಒಬ್ಬ ಹೋಗಿ, ಡಬ್ಬದಲ್ಲಿ ಬಿದ್ದ ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು, ಎಷ್ಟನೇ ಗೆರೆಗೆ ಬಂತು ಅಂತ ನೋಡಿ ಪುಸ್ತಕದಲ್ಲಿ ಬರೆಯಬೇಕು. ತಾತಂದಿರ ಕಾಲದಿಂದ ಹಾಗೆ ಬರೆದ ಪುಸ್ತಕಗಳು ಬೀರುಗಟ್ಟಲೆ ಇವೆ. ಎಷ್ಟು ಜನ ಬರೆದಿದ್ದಾರೋ ಅಷ್ಟು ಥರದ ಎಡವಟ್ಟು. ಒಬ್ಬ ಭಾನುವಾರ ನೋಡುವುದಿಲ್ಲ, ಎರಡು ದಿನದ್ದು ಸೋಮವಾರವೇ ಸುರಿಯಿತು ಅಂತ ಬರೆಯುತ್ತಾನೆ. ಒಬ್ಬ ಇಂಚು ಅಂತಾನೆ, ಅವನ ಜಾಗಕ್ಕೆ ಬಂದವನು ಮಿಲಿಮೀಟರು ಅಂತಾನೆ. ಈ ಗೋಜಲನ್ನೆಲ್ಲ ಬಿಡಿಸಿ ನಾಲ್ಕೂ ಊರಿನ ಪುಸ್ತಕಗಳನ್ನು ಒಂದಕ್ಕೊಂದು ತಾಳೆಗೆ ತರುವುದು ಗೌಡರ ಉದ್ಯೋಗ.

ತಪ್ಪು ಹುಡುಕುವುದಕ್ಕೆ ಅವರದೊಂದು ಉಪಾಯವಿತ್ತು. ಮೂರು ಊರಿನ ಮಳೆಯನ್ನು ಒಂದು ಕಡೆ, ನಾಲ್ಕನೇ ಊರಿನದನ್ನು ಇನ್ನೊಂದು ಕಡೆ ವರ್ಷಾವರ್ಷ ಕೂಡುತ್ತಾ ಹೋಗಿ ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟರೆ ಗೆರೆ ಹೆಚ್ಚುಕಮ್ಮಿ ನೆಟ್ಟಗೆ ಬರಬೇಕು. ಎಲ್ಲೋ ಒಂದು ವರ್ಷ ಗೆರೆ ಬಗ್ಗಿ, ಬಗ್ಗಿದ ಹಾಗೇ ಮುಂದೆ ಹೋದರೆ, ಅವತ್ತು ಅಲ್ಲೇನೋ ಆಗಿದೆ. "ಮೋಡ ಅಷ್ಟು ಸೊಟ್ಟ ಆಗಕಿಲ್ಲ ಕಣಯ್ಯ, ಮನ್ಸ ಆಗಿರ್ತಾನೆ" ಅನ್ನುತ್ತಿದ್ದರು.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಲೆಕ್ಕ ಹಾಕಿ, ಅಂಕಿಗಳನ್ನು ತಿದ್ದಿ, ಊಟಕ್ಕೆ ಹೋಗುತ್ತಿದ್ದರು. ಗೌಡರ ಕಷ್ಟ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ಕು ಇತ್ತು. ಅದರ ಕೊನೆಯ ಕಲಮಿನ ಹೆಸರು 'ಕಾರಣ'. ಅದು ತುಂಬದೆ ಒಂದು ಸೊನ್ನೆಯನ್ನೂ ಅವರು ತಿದ್ದುತ್ತಿರಲಿಲ್ಲ. ಬಗಲಿಗೆ ಚೀಲ, ಕಿವಿಯ ಮೇಲೆ ಕೆಂಪು ಪೆನ್ಸಿಲು, ಬಸ್ಸು ಹತ್ತಿ ಆ ಊರಿಗೇ ಹೋಗಿ, ಹಿಂದೆ ಬರೆಯುತ್ತಿದ್ದವನು ಬದುಕಿದ್ದರೆ ಅವನನ್ನು, ಇಲ್ಲವಾದರೆ ಅವನ ಹೆಂಡತಿಯನ್ನು ಹಿಡಿದು ಕೂತು ಕೇಳುತ್ತಿದ್ದರು. ಅವರಿಗೆ ಅಂತೆಕಂತೆ ಆಗದು. ಯಾರು ಏನೇ ಹೇಳಲಿ, "ಕಂಡಿದ್ದೋ, ಕೇಳಿದ್ದೋ?" ಅನ್ನುವುದೇ. ಕಂಡಿದ್ದಾದರೆ ಬರೆದುಕೊಳ್ಳುತ್ತಿದ್ದರು. ಕೇಳಿದ್ದಾದರೆ ಕಾಫಿ ಕುಡಿದು ಎದ್ದುಬಿಡುತ್ತಿದ್ದರು.

ಶ್ರೀರಂಗಪಟ್ಟಣದ ಕಡೆ ಒಂದು ಡಬ್ಬದಲ್ಲಿ ಆರು ವರ್ಷ ಮಳೆ ಕಮ್ಮಿ ಬಿದ್ದಿತ್ತು. ಗೌಡರು ಹೋಗಿ ನೋಡಿಕೊಳ್ಳುತ್ತಿದ್ದವನ ಮನೆಯಲ್ಲಿ ಊಟಕ್ಕೆ ಕೂತರು. ಸೋರೆಕಾಯಿ ಪಲ್ಯ ಬಡಿಸಿದ ಆ ಮನೆಯಾಕೆ, "ಈಗ ಅಂಗಡಿದು ಸಾಮಿ. ನಮ್ಮ ಬಳ್ಳಿ ಇದ್ದಾಗ ನೀವು ಬರ್ಬೇಕಿತ್ತು, ಆರು ವರ್ಸ ಅಂಗಡಿ ಕಡೆ ಮುಖ ಹಾಕ್ಲಿಲ್ಲ" ಅಂದಳು. ಬಳ್ಳಿ ಎಲ್ಲಿ ಹಬ್ಬಿಸಿದ್ದಿರಿ ಅಂತ ಕೇಳಿದರೆ, ಡಬ್ಬದ ಸುತ್ತ ಸರ್ಕಾರ ಹಾಕಿದ್ದ ತಂತಿಬೇಲಿಯ ಮೇಲೆ ಚಪ್ಪರ! 'ಕಾರಣ: ಸೋರೆ ಬಳ್ಳಿ' ಅಂತ ಬರೆದುಕೊಂಡು, ಪಲ್ಯ ಇನ್ನೊಂದು ಸಲ ಹಾಕಿಸಿಕೊಂಡರಂತೆ. ಇದು ನಾನು ಕೇಳಿದ್ದು.

ಕಂಡಿದ್ದು ಬೇಕಾದರೆ ಕೆ.ಆರ್. ಪೇಟೆ ಕಡೆಯ ಒಂದು ಡಬ್ಬದ ವಿಚಾರ ಹೇಳುತ್ತೇನೆ. ಅಲ್ಲಿನ ಪುಸ್ತಕದಲ್ಲಿ ಕಾರ್ತಿಕ ಮಾಸ ಬಂತೆಂದರೆ ಮಂಗಳವಾರ ಮಂಗಳವಾರ ಒಂದಿಷ್ಟು ಮಳೆ. ಸುತ್ತಮುತ್ತ ಎಲ್ಲೂ ಇಲ್ಲ. ಮಂಗಳವಾರ ಬೆಳಿಗ್ಗೆ ಡಬ್ಬದಲ್ಲಿ ನೀರಿದ್ದರೆ ಅದು ಸೋಮವಾರ ಬಿದ್ದದ್ದು ತಾನೆ? ಕಾರ್ತಿಕ ಸೋಮವಾರ ಗೌಡರೂ ನಾನೂ ಹೋಗಿ ಅರಳಿಮರದ ಕಟ್ಟೆಯ ಮೇಲೆ ಕೂತೆವು. ಹತ್ತು ಗಂಟೆಗೆ ಹೆಂಗಸರು ತಂಬಿಗೆ ಹಿಡಿದು ಸಾಲಾಗಿ ಬಂದರು. ನೋಡಿದರೆ ಡಬ್ಬಕ್ಕೆ ಅರಿಶಿನ, ಕುಂಕುಮ, ಮೂರು ಬೆರಳಿನ ವಿಭೂತಿ! ಗೌಡರು ಒಬ್ಬ ಅಜ್ಜಿಯನ್ನು, "ಯಾವ ದೇವ್ರವ್ವ ಇದು?" ಅಂದರು.

"ತಾಮ್ರದ ಲಿಂಗಪ್ಪ ಕಣಪ್ಪ. ಸತ್ಯವಾದ ದೇವ್ರು. ಬೇರೆ ಕಡೆ ನೀರು ಉಯ್ದ್ರೆ ಅರಿದು ಓಗ್ತದೆ. ಇದು ಎಷ್ಟು ಉಯ್ದ್ರೂ ಕುಡ್ಕತದೆ, ಒಂದು ತೊಟ್ಟು ಆಚೆ ಬುಡಕಿಲ್ಲ" ಅಂದಳು ಅಜ್ಜಿ.

ನನಗೆ ನಗು ತಡೆಯಲಾಗಲಿಲ್ಲ. ಗೌಡರು ನನ್ನ ತೊಡೆ ಚಿವುಟಿ, ಚಪ್ಪಲಿ ಬಿಟ್ಟು ಹೋಗಿ ಡಬ್ಬಕ್ಕೆ ಕೈಮುಗಿದು ಬಂದರು. ನೋಟ್‌ಬುಕ್ಕಿನಲ್ಲಿ ಬರೆದರು, 'ಕಾರಣ: ಭಕ್ತಿ'. ಆಮೇಲೆ ಕಚೇರಿಯವರಿಗೆ ಹೇಳಿ ಡಬ್ಬವನ್ನು ಬಯಲಿಗೆ ಸಾಗಿಸಿ, ಆ ಜಾಗದಲ್ಲಿ ಒಂದು ಒಳ್ಳೆಯ ಗುಂಡುಕಲ್ಲು ನಿಲ್ಲಿಸಿದರು. ಅಜ್ಜಿಯ ಕೈಯಲ್ಲೇ ಮೊದಲ ನೀರು ಹುಯ್ಯಿಸಿದರು. ಅಷ್ಟಕ್ಕೇ ಸುಮ್ಮನಾದರೇ? ಹಿಂದಿನ ಅಷ್ಟೂ ಕಾರ್ತಿಕದ ಮಂಗಳವಾರಗಳಿಗೆ ಒಂದೊಂದಾಗಿ ತೆಳ್ಳಗೆ ಕೆಂಪು ಗೆರೆ ಎಳೆದರು. ಹಳೆಯ ಅಂಕಿ ಕಾಣುವ ಹಾಗೇ ಎಳೆಯಬೇಕು. ರಬ್ಬರು ಅವರ ಚೀಲದಲ್ಲಿ ಇರಲೇ ಇಲ್ಲ. "ಬರ್ದೋನು ಬರ್ದವ್ನೆ. ಅವನ ಮಾತು ಅಳಿಸಕ್ಕೆ ನಾವ್ಯಾರು? ಪಕ್ಕದಲ್ಲಿ ನಮ್ಮ ಮಾತು ಏಳನ, ಆಟೆಯ" ಅನ್ನುತ್ತಿದ್ದರು.

ಮನೆಯಲ್ಲೂ ಇದೇ ಪಾಡು. ಸಾರಿಗೆ ಉಪ್ಪು ಕಮ್ಮಿಯಾದರೆ ಬೇರೆ ಗಂಡಸರು ಉಪ್ಪು ಕೇಳುತ್ತಾರೆ. ಇವರು, "ಇವತ್ತು ಒಂದಿನ ಕಮ್ಮಿನೋ, ಸೋಮ್ವಾರದಿಂದ ಕಮ್ಮಿನೋ?" ಅಂತ ಕೇಳುತ್ತಿದ್ದರು. ಆ ಮಹಾತಾಯಿ ಮೂವತ್ತೈದು ವರ್ಷ ಇವರ ಜೊತೆ ಬಾಳಿದ್ದು ಹೇಗೆ ಅನ್ನುವುದಕ್ಕೆ ಯಾವ ಕಾರಣವೂ ನನಗೆ ಸಿಕ್ಕಿಲ್ಲ.

ಇನ್ನು ನನ್ನ ವಿಚಾರ. ಇಷ್ಟು ಹೊತ್ತು ಬೇರೆಯವರ ಎಡವಟ್ಟು ಹೇಳಿ ನಕ್ಕಿದ್ದಾಯಿತಲ್ಲ, ಈಗ ನನ್ನದೂ ಬರಲಿ.

ನಾನು ಪಾಂಡವಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಅನ್ನುವುದು ಬೇಡ, ತಪ್ಪು ಕಚೇರಿಯದಲ್ಲ, ನನ್ನದು. ಅಲ್ಲಿನ ಮಳೆ ಡಬ್ಬ ಬಹಳ ವರ್ಷ ನನ್ನ ಸುಪರ್ದಿನಲ್ಲಿತ್ತು. ಗೌಡರು ನಿವೃತ್ತಿಗೆ ಎರಡು ತಿಂಗಳು ಇದ್ದಾಗ ಒಂದು ದಿನ ಬಂದು, ನನ್ನ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿದರು. ಮೂರು ಊರಿನ ಪುಸ್ತಕ ತಿದ್ದಿ ಮುಗಿದಿತ್ತು. ಪಾಂಡವಪುರ ಒಂದು ಬಾಕಿ. ಗೆರೆ ನೆಟ್ಟಗೆ ಬಂದು, ಒಂದು ವರ್ಷ ಮೇಲಕ್ಕೆ ಬಗ್ಗಿ, ಹನ್ನೊಂದು ವರ್ಷ ಹಾಗೇ ಏರಿ, ಕಚೇರಿಗೆ ಹೊಸ ಫೈಬರ್ ಡಬ್ಬ ಬಂದ ಮೇಲೆ ತಿರುಗಿ ಸರಿಯಾಗಿತ್ತು.

"ಮೇಲಿಂದ ಕಾಗದ ಬಂದದೆ ಕಣಯ್ಯ" ಅಂದರು. "ಕಾರಣ ಸಿಕ್ಕದಿದ್ರೆ ಪಾಂಡವಪುರದ್ದು ಪೂರ್ತಿ ಕೈಬುಡಿ ಅಂತಾವ್ರೆ. ತಾತನ ಕಾಲದೋರು ಗೋಣಿ ಕೊಪ್ಪೆ ಹಾಕ್ಕಂಡು ಮಳೆಲಿ ನಿಂತು ನೋಡಿ ಬರ್ದವ್ರೆ. ಯಾವನೋ ಒಬ್ಬ ಮಾಡಿದ್ದಕ್ಕೆ ಅಷ್ಟೂ ಜನದ್ದು ಒಲೆಗಾಕದಾ?"

ನಾನು ಹಾಳೆಯಿಂದ ಕಣ್ಣು ತೆಗೆದು ಕಿಟಕಿ ಕಡೆ ನೋಡಿದೆ. ಯಾಕೆಂದರೆ ಗೆರೆ ಬಗ್ಗಿದ್ದ ಆ ವರ್ಷ ನನಗೆ ಚೆನ್ನಾಗಿ ನೆನಪಿತ್ತು. ಆ ಯಾವನೋ ಒಬ್ಬ ನಾನೇ.

ಆ ವರ್ಷ ನನಗೆ ಪೌರಾಣಿಕ ನಾಟಕದಲ್ಲಿ ಮೀಸೆ ತಿರುವಿ ಗದೆ ಹಿಡಿಯುವ ಪಾರ್ಟು ಸಿಕ್ಕಿತ್ತು. ನಮ್ಮ ಮಂಡ್ಯದ ಕಡೆ ಪಾರ್ಟು ಸಿಕ್ಕವನಿಗೆ ಕಚೇರಿ, ಹೆಂಡತಿ, ಮಳೆ ಯಾವುದೂ ಕಾಣುವುದಿಲ್ಲ. ಹಾರ್ಮೋನಿಯಂ ಮೇಷ್ಟ್ರು ಇದ್ದದ್ದು ಸಂತೆಬಾಚಹಳ್ಳಿಯಲ್ಲಿ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಮೂರು ತಿಂಗಳು ಅಲ್ಲೇ ಠಿಕಾಣಿ. ಬೆಳಿಗ್ಗೆ ಬಸ್ಸಿಗೆ ಹೊರಟು ಕೆ.ಆರ್. ಪೇಟೆಯಲ್ಲಿ ಬದಲಾಯಿಸಿ ಪಾಂಡವಪುರ ಮುಟ್ಟುವ ಹೊತ್ತಿಗೆ ಹನ್ನೊಂದು. ಎಂಟೂವರೆಯ ಮಳೆ ನೋಡುವವರು ಯಾರು? ಅದಕ್ಕೆ ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ, ನಾಗಮಂಗಲದಿಂದ ಬಂದ ಕಂಡಕ್ಟರನ್ನು, "ನಿಮ್ ಕಡೆ ರಾತ್ರಿ ಮಳೆ ಎಂಗೆ?" ಅಂತ ಕೇಳುವುದು. ಶ್ರೀರಂಗಪಟ್ಟಣದ ಕಡೆಯವನನ್ನು ಕೇಳುವುದು. ಟೀ ಅಂಗಡಿಯವನನ್ನು ಕೇಳುವುದು. ಮೂರನ್ನೂ ಕೂಡಿಸಿ ಹದ ನೋಡಿ ಪಾಂಡವಪುರಕ್ಕೊಂದು ಮಳೆ ಬರೆಯುವುದು. ಮೂರು ತಿಂಗಳು ನಾನು ಡಬ್ಬದ ಮುಖ ನೋಡಲಿಲ್ಲ.

ಇದನ್ನು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ನಿವೃತ್ತಿಗೆ ನನಗೂ ನಾಲ್ಕು ವರ್ಷ ಇತ್ತು, ಕಚೇರಿಯಲ್ಲಿ ನಾನು ಶಿಸ್ತಿನ ಸಿಪಾಯಿ ಅನ್ನುವ ಹೆಸರು ಬೇರೆ. ಆ ವರ್ಷ ಡಬ್ಬ ಯಾರ ಕೈಲಿತ್ತೋ ನೆನಪಿಲ್ಲ ಅಂದುಬಿಟ್ಟೆ. ಗೌಡರಿಗೋ ನನ್ನ ಮೇಲೆ ಅಗಾಧ ನಂಬಿಕೆ. "ನೀನು ಅಳೇ ಮನ್ಸ, ನನ್ ಜತೆ ಬಾ. ಇಬ್ರೂ ಸೇರಿ ಆ ಕಳ್ಳನ್ನ ಇಡಿಯನ" ಅಂತ ನನ್ನನ್ನೇ ಜೊತೆಗೆ ಕರೆದುಕೊಂಡು ಹೊರಟರು. ಕಳ್ಳನನ್ನು ಹಿಡಿಯಲು ಹೊರಟವರ ಚೀಲ ಕಳ್ಳನ ಹೆಗಲ ಮೇಲೆ!

ಎರಡು ತಿಂಗಳು ನನ್ನ ಅವಸ್ಥೆ ಶತ್ರುವಿಗೂ ಬೇಡ. ಹೋದ ಕಡೆಯೆಲ್ಲ ಜನ ತಲೆಗೊಂದು ಕಾರಣ ಕೊಟ್ಟರು. ನಮ್ಮೂರಿನವನೊಬ್ಬ, "ಚಿನಕುರಳಿ ಕಡೆ ಬಂಡೆ ಸಿಡಿಸ್ತಾರಲ್ಲ ಸಾರ್, ಆ ಸದ್ದಿಗೆ ಮೋಡ ಬಿರೀತದೆ, ಅದ್ಕೇ ಮಳೆ ಜಾಸ್ತಿ" ಅಂದ. ನಾನು ತಟ್ಟನೆ, "ನಿಜ ಸಾರ್! ಎಂಥಾ ಮಾತು!" ಅಂದೆ. ಗೌಡರು ಇಬ್ಬರನ್ನೂ ಒಂದು ಸಲ ನೋಡಿ, "ಮೋಡ ಬಿರಿದಿದ್ದು ಕಂಡಿದ್ದೋ, ಕೇಳಿದ್ದೋ?" ಅಂದರು. ಅಲ್ಲಿಗೆ ಬಂಡೆಯ ಕಥೆ ಮುಗಿಯಿತು.

ಕೊನೆಗೆ ಅವರ ಅನುಮಾನ ಕಚೇರಿಯ ಅಟ್ಟದಲ್ಲಿ ಬಿದ್ದಿದ್ದ ಹಳೆಯ ತಾಮ್ರದ ಡಬ್ಬದ ಮೇಲೆ ತಿರುಗಿತು. ಬಾಯಿ ಅಗಲವಾಗಿದ್ದರೆ ಮಳೆ ಜಾಸ್ತಿ ಬೀಳುತ್ತದಲ್ಲ. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ನಾಗಮಂಗಲಕ್ಕೆ ಹೋದೆವು. ಅಲ್ಲಿ ಪಾತ್ರೆಗೆ ಬೆಸುಗೆ, ಕಲಾಯಿ ಹಾಕುವ ಒಬ್ಬ ಹಳೆಯ ಸಾಬರಿದ್ದರು. ಅವರು ಕನ್ನಡಕ ಹಣೆಗೇರಿಸಿ, ಕೈವಾರ ಇಟ್ಟು ನಾಲ್ಕು ಕಡೆಯಿಂದ ಅಳೆದು, ಉಗುರಿನಿಂದ ಟಣ್ ಅನ್ನಿಸಿ, "ಗೌಡ್ರೇ, ಬಾಯಿ ಬರಾಬ್ಬರ್ ಐದು ಇಂಚು. ಕೂದಲೆಳೆ ಎಚ್ಚಿಲ್ಲ. ಬಾಯಿದು ತಪ್ಪಿಲ್ಲ ಬಿಡಿ" ಅಂದರು.

ವಾಪಸು ಬರುವಾಗ ನೇರ ಬಸ್ಸು ತಪ್ಪಿ, ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಾಯಿಸಲು ಇಳಿದೆವು. ಅದೇ ಬಸ್ ಸ್ಟ್ಯಾಂಡು, ಅದೇ ಟೀ ಅಂಗಡಿಯ ಬೆಂಚು. ಗೌಡರು ಟೀ ಮುಟ್ಟಲಿಲ್ಲ. ತೊಡೆಯ ಮೇಲೆ ಆ ಡಬ್ಬ ಇಟ್ಟುಕೊಂಡು, "ಇನ್ನು ನಾಕೇ ದಿನ ಕಣಯ್ಯ. ಪಾಂಡವಪುರ ಓಯ್ತು ಅಂತ ಬರ್ದುಬುಡ್ತೀನಿ" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೆ ತಡೆಯಲಾಗಲಿಲ್ಲ.

"ಗೌಡ್ರೇ, ಆ ಕಳ್ಳ ನಾನೇ" ಅಂದೆ.

ಎಲ್ಲವನ್ನೂ ಹೇಳಿದೆ. ಪಾರ್ಟು, ಸಂತೆಬಾಚಹಳ್ಳಿ, ಕಂಡಕ್ಟರುಗಳು, ಮೂರು ತಿಂಗಳು. ಕೂತಿದ್ದ ಬೆಂಚನ್ನೂ ತೋರಿಸಿದೆ. ಅವರು ಎದ್ದು ನನ್ನ ಕಪಾಳಕ್ಕೆ ಹೊಡೆದಿದ್ದರೆ ಸಮಾಧಾನ ಆಗುತ್ತಿತ್ತು. ಅವರು ಚೀಲದಿಂದ ನಕಲು ಪುಸ್ತಕ ತೆಗೆದು, ಆ ವರ್ಷದ ಹಾಳೆ ಬಿಚ್ಚಿ ನನ್ನ ಮುಂದೆ ಹಿಡಿದರು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಮೂರರ ಪಕ್ಕದಲ್ಲೂ ದಪ್ಪಗೆ ರೈಟ್ ಮಾರ್ಕು.

"ಈ ಮೂರು ತಿಂಗ್ಳಾ?" ಅಂದರು ಗೌಡರು. ಮುಖದಲ್ಲಿ ಸಿಟ್ಟಿಲ್ಲ, ದಿಗಿಲು. "ಲೋ, ನಾಕು ತಾಲೂಕಲ್ಲಿ ಇಷ್ಟು ಚೆಂದಾಗಿ ತಾಳೆ ಆಗೋ ಮೂರು ತಿಂಗ್ಳು ಇನ್ನೊಂದಿಲ್ಲ ಕಣ್ಲಾ! ನೋಡದು ಅಂದ್ರೆ ಇಂಗೆ ನೋಡ್ಬೇಕು ಅಂತ ಇದ್ನ ನಾನು ಮೇಲಕ್ಕೆ ಮಾದರಿಗೆ ಕಳಿಸಿದ್ದೀನಿ!"

ತಾಳೆ ಆಗದೆ ಏನು? ಮೂರು ಊರಿನವರನ್ನು ಕೇಳಿ ಕೂಡಿಸಿ ಬರೆದ ಮಳೆ ಮೂರು ಊರಿಗೂ ಒಪ್ಪಿಬಿಟ್ಟಿತ್ತು. ಗೌಡರು ತಪ್ಪು ಹಿಡಿಯುವುದಕ್ಕೆ ಮಾಡುತ್ತಿದ್ದ ಲೆಕ್ಕವನ್ನೇ ನಾನು ಸುಳ್ಳು ಹುಟ್ಟಿಸುವುದಕ್ಕೆ ಮಾಡಿದ್ದೆ. ಅಂದರೆ ಎರಡು ತಿಂಗಳು ಹೆದರಿಕೊಂಡು ತಿರುಗಿದ್ದು, ತಾನಾಗಿ ಒಪ್ಪಿಕೊಂಡದ್ದು ಎಲ್ಲ ದಂಡ! ಗೆರೆ ಬಗ್ಗಿಸಿದ್ದು ನನ್ನ ಸುಳ್ಳಲ್ಲವೇ ಅಲ್ಲ.

"ಬಗ್ಗಿರದು ನವೆಂಬರಿಂದ" ಅಂದರು ಗೌಡರು. "ಆಮೇಲೆ ಯಾರು ನೋಡ್ತಿದ್ರು?"

"ನಾನೇ ಸಾರ್. ನಾಟಕ ಆದ್ಮೇಲೆ ಪಾಪಪ್ರಜ್ಞೆ ಬಂದು ಒಂದಿನ ತಪ್ಪಿಸಿಲ್ಲ. ಹನ್ನೊಂದು ವರ್ಸ, ಎಂಟೂವರೆ ಅಂದ್ರೆ ಎಂಟೂವರೆ. ಜ್ವರ ಬಂದಾಗ್ಲೂ ಕಂಬಳಿ ಹೊದ್ಕಂಡು ನೋಡಿವ್ನಿ. ದೇವ್ರಾಣೆ."

"ಯಾವುದ್ರಲ್ಲಿ ಅಳೀತಿದ್ದೆ?"

"ಗಾಜಲ್ಲಿ."

"ಯಾವ ಗಾಜು?"

ಅದನ್ನೂ ಹೇಳಬೇಕಾಯಿತು. ಕಚೇರಿಯ ಗಾಜು ನವೆಂಬರಿನಲ್ಲಿ ಒಡೆದಿತ್ತು. ಒಡೆದದ್ದು ಹೇಗೆ ಅಂದರೆ, ನಾಟಕ ಗೆದ್ದ ಖುಷಿಗೆ ಗದೆಯನ್ನು ಕಚೇರಿಗೆ ತಂದು, ಸಹೋದ್ಯೋಗಿಗಳ ಮುಂದೆ ಒಂದು ಪಟ್ಟು ತಿರುಗಿಸಿ ತೋರಿಸಿದ್ದೆ. ಹೊಸ ಗಾಜು ಕೇಳಿ ಕಾಗದ ಬರೆದರೆ ಹೇಗೆ ಒಡೆಯಿತು ಅಂತ ಕೇಳುತ್ತಾರೆ. ಆಗ ಡೈರಿಯಲ್ಲಿ ಕೆಲಸಕ್ಕಿದ್ದ ನನ್ನ ಬಾಮೈದ, ಹಾಲು ಪರೀಕ್ಷೆಯದು ಅಂತ ಒಂದು ಉದ್ದನೆಯ ಗಾಜಿನ ಕೊಳವೆ ತಂದುಕೊಟ್ಟು, "ಅತ್ತು ಎಮ್ಮೆಲ್ಲು ಒಂದು ಮಿಲಿಮೀ‌ಟ್ರು ಅಂತ ಬರ್ಕೋ ಭಾವ, ಎಲ್ಲಾ ಕಡೆ ಅಷ್ಟೆಯ" ಅಂದಿದ್ದ. ಹಾಲಿನವನು ನೀರಿನ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಿದಾಗ ನಾನು ನಂಬಿದೆ.

ಗೌಡರು ಬೆಂಚಿನಿಂದ ಎದ್ದ ರಭಸಕ್ಕೆ ಡಬ್ಬ ಉರುಳಿತು. "ಎಲ್ಲದೆ ಆ ಕೊಳವೆ?"

ಅದು ನಮ್ಮ ಮನೆಯಲ್ಲೇ ಇತ್ತು. ಫೈಬರ್ ಡಬ್ಬ ಬಂದಾಗ ಅದರದೇ ಗಾಜು ಬಂದಿದ್ದರಿಂದ, ಇದನ್ನು ನಾನು ಮನೆಗೆ ತಂದಿದ್ದೆ, ದೇವರ ಗೂಡಿನಲ್ಲಿದೆ ಅಂತ ಹೇಳಿದೆ. ಶ್ರೀರಂಗಪಟ್ಟಣದಿಂದ ಐದಿಂಚಿನ ಡಬ್ಬದ ಸರಿಯಾದ ಗಾಜೊಂದನ್ನು ತರಿಸಿಕೊಂಡು ಮಾರನೆಯ ದಿನವೇ ಗೌಡರು ಚಿನಕುರಳಿಗೆ ಬಂದರು. ನೇರ ದೇವರ ಗೂಡಿಗೆ ಕೈಹಾಕಿದರು. ನನ್ನ ಹೆಂಡತಿ, "ಅಯ್ಯೋ, ಊದಿನಕಡ್ಡಿ ಇಕ್ಕಿವ್ನಿ, ಮುಟ್‌ಬ್ಯಾಡಿ!" ಅಂತ ಓಡಿಬಂದಳು.

"ತಾಯಿ, ಅನ್ನೊಂದು ವರ್ಸದ ಮಳೆ ಇದ್ರೊಳಗೆ ಸಿಕ್ಕಾಕಂಡದೆ. ಒಂದು ಗಳಿಗೆ ಕೊಡಿ" ಅಂದರು ಗೌಡರು.

ಊದಿನಕಡ್ಡಿ ತೆಗೆದು, ಬೂದಿ ತೊಳೆದು, ಜಗಲಿಯ ಮೇಲೆ ಕೂತರು. ಸರಿಯಾದ ಗಾಜಿನಲ್ಲಿ ನಾಲ್ಕು ಮಿಲಿಮೀಟರು ನೀರು ಹಿಡಿದು ಕೊಳವೆಗೆ ಸುರಿದರು. ನೀರು ಐವತ್ತರ ಗೆರೆಗೆ ಬಂದು ನಿಂತಿತು. ನನ್ನ ಲೆಕ್ಕದಲ್ಲಿ ಐದು. ಒಂದೊಂದು ಡಬ್ಬದ ಬಾಯಿಗೂ ಅದಕ್ಕೆ ತಕ್ಕ ಗಾಜೇ ಬೇಕಂತೆ, ಗಡಿಗೆಗೆ ತಕ್ಕ ಮುಚ್ಚಳ ಇದ್ದ ಹಾಗೆ. ನಾನು ಹನ್ನೊಂದು ವರ್ಷ ದೇವರಾಣೆಗೂ ಕಣ್ಣಾರೆ ನೋಡಿ, ನಾಲ್ಕು ಬಂದ ಮಳೆಯನ್ನು ಐದು ಅಂತ ಬರೆದಿದ್ದೆ.

ಗೌಡರು ಆರು ಸಲ ಸುರಿದು ನೋಡಿದರು. ಆಮೇಲೆ ಆ ಕೊಳವೆಗೆ ಮುತ್ತು ಕೊಟ್ಟರು, ನಾನು ಕಂಡಿದ್ದೇನೆ. "ಉಳೀತು ಕಣ್ಲಾ! ಪಾಂಡವಪುರ ಉಳೀತು! ಐದಿರೋ ಕಡೆ ನಾಕು ಮಾಡ್ತಾ ಓದ್ರೆ ಆಯ್ತು!"

ನನಗೂ ಜೀವ ಬಂತು. ಸಲಿಗೆಯಿಂದ, "ಅಂಗಾದ್ರೆ ನನ್ನ ಆ ಮೂರು ತಿಂಗ್ಳು ಸರಿಯಾಗೇ ಅವೆ, ಬುಟ್ಟುಬುಡಿ ಗೌಡ್ರೇ" ಅಂದೆ.

ಅವರ ನಗು ನಿಂತುಹೋಯಿತು. ಪುಸ್ತಕ ತೆಗೆದು, ಕಿವಿಯ ಮೇಲಿನ ಕೆಂಪು ಪೆನ್ಸಿಲಿನಿಂದ ಆಗಸ್ಟಿನ ಒಂದನೇ ತಾರೀಖಿನಿಂದ ಒಂದೊಂದೇ ಅಂಕಿಗೆ ಗೆರೆ ಎಳೆಯತೊಡಗಿದರು. ಎಳೆಯುತ್ತಾ, ತಲೆ ಎತ್ತದೆ ಹೇಳಿದರು, "ನೋಡಿ ತಪ್ಪು ಬರ್ದಿದ್ರೆ ತಿದ್ದಬೌದು ಕಣಯ್ಯ. ನೋಡ್ದೆ ಸರಿ ಬರ್ದಿದ್ರೆ ಏನ್ ಮಾಡಕ್ಕಾಯ್ತದೆ?"

ಮೂರು ತಿಂಗಳ ಮಳೆ ನನ್ನ ಕಣ್ಣ ಮುಂದೆ ಹೋಯಿತು. ನೋಟ್‌ಬುಕ್ಕಿನ ಕೊನೆಯ ಕಲಮಿನಲ್ಲಿ ಏನೋ ಬರೆದು ಮುಚ್ಚಿದರು. ಏನು ಬರೆದಿರಿ ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಮಾದರಿಗೆ ಕಳಿಸಿದ್ದನ್ನು ವಾಪಸು ಕೇಳಿ ಅವರೇ ಮೇಲಕ್ಕೆ ಕಾಗದ ಬರೆದು, ನಾಲ್ಕನೇ ದಿನ ನಿವೃತ್ತರಾದರು. ಪಾಂಡವಪುರದ ಪುಸ್ತಕ ಮೂರು ತಿಂಗಳು ಖಾಲಿ ಇಟ್ಟುಕೊಂಡು ಉಳಿಯಿತು.

ಆಮೇಲೂ ಅವರು ಸುಮ್ಮನೆ ಕೂರಲಿಲ್ಲ. ನಾಗಮಂಗಲದ ಸಾಬರ ಕೈಯಲ್ಲೇ ಒಂದು ತಾಮ್ರದ ಡಬ್ಬ ಮಾಡಿಸಿ ಪಾಲಹಳ್ಳಿಯ ಹಿತ್ತಲಿನ ಬಯಲಿನಲ್ಲಿ ನೆಟ್ಟರು. ಬೆಳಿಗ್ಗೆ ಎಂಟೂವರೆಗೆ ನೋಡಿ, ಅದೇ ಉದ್ದನೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆದು, ಒಂಬತ್ತಕ್ಕೆ ನನಗೆ ಫೋನು. "ನಿಮ್ ಕಡೆ ಎಂಗೆ?" ಅನ್ನುವರು. ನಾನು ಹಾಸಿಗೆಯಲ್ಲೇ ಮಲಗಿಕೊಂಡು, "ಒಳ್ಳೆ ಮಳೆ ಗೌಡ್ರೇ" ಅಂದರೆ, ತಕ್ಷಣ ಆ ಮಾತು. ಎದ್ದು ಅಂಗಳಕ್ಕೆ ಹೋಗಿ ನೋಡಿ ಬಂದು ಹೇಳಬೇಕಾಗುತ್ತಿತ್ತು. ಎಂಟು ವರ್ಷ ಈ ಮನುಷ್ಯ ನನ್ನನ್ನು ಹಾಸಿಗೆಯಿಂದ ಎಬ್ಬಿಸಿದ್ದಾನೆ. ಎಷ್ಟು ಬೈದುಕೊಂಡಿದ್ದೇನೋ.

ಬಸ್ಸು ಎರಡು ಕಡೆ ಕೈಕೊಟ್ಟು, ಪಾಲಹಳ್ಳಿ ಮುಟ್ಟುವಷ್ಟರಲ್ಲಿ ಹನ್ನೊಂದಾಗಿತ್ತು. ಅಂಗಳದಲ್ಲಿ ಮಲಗಿಸಿದ್ದರು. ಕಂಡೆ. ಕೇಳಿದ್ದೇ ನಿಜವಾಗಿತ್ತು.

ಹಾರ ಹಾಕಿ ಬಂದು ಒಂದು ಕಡೆ ಕೂತೆ. ರಾತ್ರಿ ಮಳೆಯಾಗಿತ್ತು, ನೆಲ ಇನ್ನೂ ಹಸಿ. ಪಕ್ಕದಲ್ಲಿ ಇಬ್ಬರು ಅದನ್ನೇ ಮಾತಾಡುತ್ತಿದ್ದರು. "ರಾತ್ರಿ ಎರಡಿಂಚಂತೆ" ಅಂತ ಒಬ್ಬ. "ಎಲ್ಲಿ ಬುಡಪ್ಪ, ಧೂಳು ಅಡಗೋವಷ್ಟೂ ಇಲ್ವಂತೆ" ಅಂತ ಇನ್ನೊಬ್ಬ. ನಾನು ಗೌಡರ ಮುಖ ನೋಡಿದೆ. ಆ ಮನುಷ್ಯ ಹೀಗೆ ಸುಮ್ಮನೆ ಮಲಗಿದ್ದನ್ನು ಕಂಡು ಆಗ ನನಗೆ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ.

ಅಷ್ಟರಲ್ಲಿ ಅವರ ಹೆಂಡತಿ ಹೆಂಗಸರ ಗುಂಪಿನಿಂದ ಎದ್ದು ನನ್ನ ಹತ್ತಿರ ಬಂದರು. ಕೈಯಲ್ಲಿ ಆ ಉದ್ದನೆಯ ನೋಟ್‌ಬುಕ್ಕು. "ಅಣ್ಣಯ್ಯ, ಒತ್ತಾರೆಯಿಂದ ನನಗೆ ಅದೇ ಸಂಕಟ. ಡಬ್ಬ ಯಾರೂ ನೋಡಿಲ್ಲ. ಇವ್ರನ್ನ ಎತ್ತೋದ್ರೊಳಗೆ..." ಅಂತ ಅದನ್ನು ನನ್ನ ಕೈಗಿಟ್ಟರು.

ಎದ್ದು ಹಿತ್ತಲಿಗೆ ಹೋದೆ. ಜನ ನನ್ನನ್ನೇ ನೋಡುತ್ತಿದ್ದರು, ನೋಡಲಿ. ಡಬ್ಬದ ನೀರನ್ನು ಅದರದೇ ಗಾಜಿಗೆ ಒಂದು ತೊಟ್ಟು ಚೆಲ್ಲದೆ ಸುರಿದು, ಗೆರೆಯ ಮಟ್ಟಕ್ಕೆ ಕಣ್ಣು ತಂದೆ. ಹದಿನಾರು. ಇನ್ನೊಂದು ಸಲ ನೋಡಿದೆ. ಹದಿನಾರೇ.

ಬರೆಯಲು ನೋಟ್‌ಬುಕ್ಕು ತೆರೆದಾಗ ಹಳೆಯ ಹಾಳೆಗಳು ಮೊದಲು ಸಿಕ್ಕವು. ಸೋರೆ ಬಳ್ಳಿ, ಭಕ್ತಿ, ಭಾನುವಾರ, ಹಾಲಿನ ಕೊಳವೆ, ಎಲ್ಲ ಅವರು ಬಸ್ಸಿನಲ್ಲಿ ತಿರುಗಿ ತಿರುಗಿ ಹುಡುಕಿ ತಂದ ಕಾರಣಗಳು. ಹಾಲಿನ ಕೊಳವೆಯ ಮೇಲಿನ ಸಾಲಿನಲ್ಲಿ ಪಾಂಡವಪುರದ ಆ ಮೂರು ತಿಂಗಳಿತ್ತು. ಎಂಟು ವರ್ಷ ಕೇಳಲು ಹೆದರಿದ್ದನ್ನು ನಿಂತಲ್ಲೇ ಓದಿದೆ. ನನ್ನ ಹೆಸರಿರಲಿಲ್ಲ. 'ವೀಕ್ಷಕ ಗೈರು. ತಾನೇ ಬಂದು ಹೇಳಿದ' ಅಂತ ಇತ್ತು. ಇಡೀ ಪುಸ್ತಕ ತಿರುವಿದೆ, ತಾನೇ ಬಂದು ಹೇಳಿದ್ದು ಅಂತ ಇದ್ದದ್ದು ಅದೊಂದೇ. ಅದರ ಪಕ್ಕ ಒಂದು ರೈಟ್ ಮಾರ್ಕು.

ಇವತ್ತಿನ ತಾರೀಖಿನ ಮುಂದೆ ಹದಿನಾರು ಅಂತ ಬರೆದೆ. ಹೊತ್ತಿನ ಕಲಮಿನಲ್ಲಿ ಹನ್ನೊಂದೂಕಾಲು. ಎಂಟೂವರೆ ಮೀರಿದ್ದಕ್ಕೆ ಕಾರಣ ಬರೆಯದಿದ್ದರೆ ಅವರು ಒಪ್ಪುವುದಿಲ್ಲ. ಬರೆದೆ:

'ವೀಕ್ಷಕರು ಗೈರು. ನಾನೇ ಬಂದು ನೋಡಿದೆ.'